4800 ಗೋಲ್ಡ್, 3200 ಡಸ್ಟ್ ಇದೆ, ಹೊಸ ಎಕ್ಸ್‌ಪ್ಯಾನ್ಷನ್ ಬರ್ತಿದೆ: ಮೊದಲನೇ ರಾತ್ರಿ ಏನು ಮಾಡ್ಲಿ?

ಪ್ರಶ್ನೆ: ಸರ, ನಾನು ಹುಬ್ಬಳ್ಳ್ಯಾಗ ಡಿಪ್ಲೊಮಾ ಓದಾಕತ್ತೀನಿ. ಹಾಸ್ಟೆಲ್‌ನ್ಯಾಗ ನಾವು ನಾಕು ಮಂದಿ ಹಾರ್ತ್‌ಸ್ಟೋನ್ ಅನ್ನೂ ಕಾರ್ಡ್ ಗೇಮ್ ಆಡ್ತೀವ್ರಿ, ಎಲ್ಲಾರೂ ಫೋನಿನ್ಯಾಗ. 2025ರ ಜುಲೈ 8ಕ್ಕ ಲಾಸ್ಟ್ ಸಿಟಿ ಆಫ್ ಅನ್‌ಗೋರೋ ಅನ್ನೂ ಎಕ್ಸ್‌ಪ್ಯಾನ್ಷನ್, ಅಂದ್ರ ಹೊಸ ಕಾರ್ಡಿನ ಸೆಟ್, ಬರಾಕತ್ತೈತಿ. ಕಾರ್ಡ್ ರಿವೀಲ್ ಶುರು ಆದಾಗಿಂದ ದಿನಾ ರಾತ್ರಿ ಇದ ಜಗಳ. ಒಬ್ಬಾಂವ ಕ್ವೆಸ್ಟ್ (ಕಂಡೀಷನ್ ಮುಗಿಸಿದ್ರ ರಿವಾರ್ಡ್ ಕೊಡೂ ಕಾರ್ಡ್) ನೋಡಿ ಹುಚ್ಚಾಗ್ಯಾನ, ಮೊದಲನೇ ದಿನಾನ ಕ್ರಾಫ್ಟ್ ಮಾಡೂಣು ಅಂತಾನ. ಇನ್ನೊಬ್ಬಾಂವ ಪ್ರೀ-ಆರ್ಡರ್ ಮಾಡಲಿಲ್ಲಂದ್ರ ಲ್ಯಾಡರ್‌ನ್ಯಾಗ (ರ‍್ಯಾಂಕಿನ ಆಟದಾಗ) ಒದಿ ತಿನ್ನೂದ, ನಾಕೂ ಮಂದಿ ರೊಕ್ಕ ಕೂಡಿಸಿ ಒಂದ ಅಕೌಂಟಿಗೆ ಬಂಡಲ್ ತಗೊಳ್ಳೂಣು ಅಂತಾನ. ಮೂರನೇದಾಂವ ನಮ್ಮ ದೇಶದಾಗ ಈ ಗೇಮ್ ಆಡಿ ಯಾರು ಏನು ಗೆದ್ದಾರ ಅಂತ ಕೇಳ್ತಾನ. ನನ್ನ ಹತ್ರ 4800 ಗೋಲ್ಡ್, 3200 ಡಸ್ಟ್ ಐತ್ರಿ. ಕಿಂಡ್ರೆಡ್ ಅಂತ ಹೊಸ ಕೀವರ್ಡ್ ಬ್ಯಾರೆ ಬಂದೈತಿ, ಅದು ಚಲೋ ಐತೋ ಇಲ್ಲೋ ಹೆಂಗ ಗೊತ್ತು ಮಾಡ್ಕೊಳ್ಳೂದು? ನಾ ಏನ್ ಮಾಡ್ಲಿ ಹೇಳ್ರಿ.

ಉತ್ತರ: ಮೊದಲು ನೇರವಾಗಿ ಹೇಳ್ಬಿಡ್ತೀನಿ, ಆಮೇಲೆ ಕಾರಣ. ಗೋಲ್ಡ್, ಅಂದ್ರೆ ಪ್ಯಾಕ್ ಕೊಳ್ಳೋ ಆಟದ ದುಡ್ಡು, ಅದನ್ನ ಖರ್ಚು ಮಾಡಿ; ಡಸ್ಟ್, ಅಂದ್ರೆ ಬೇಕಾದ ಕಾರ್ಡನ್ನೇ ಕ್ರಾಫ್ಟ್ ಮಾಡ್ಕೊಳ್ಳೋಕೆ ಕೊಡೋದು, ಅದನ್ನ ಮುಟ್ಟಬೇಡಿ. ಗೋಲ್ಡಲ್ಲಿ ಹೊಸ ಸೆಟ್‌ನ ಪ್ಯಾಕ್ ಮಾತ್ರ ತಗೊಳ್ಳಿ. ಡಸ್ಟನ್ನ ಕಡೇ ಪಕ್ಷ ಹತ್ತು ಹದಿನೈದು ದಿನ ಹಾಗೇ ಇಟ್ಟುಕೊಳ್ಳಿ. ನಿಮ್ಮ ಗೆಳೆಯರು ಏನೇ ಅಂದ್ರೂ, ರಿವೀಲ್ ವಿಡಿಯೋದಲ್ಲಿ ಯಾರು ಎಷ್ಟೇ ಕೂಗಾಡಿದ್ರೂ, ಮೊದಲನೇ ರಾತ್ರಿ ಕ್ರಾಫ್ಟ್ ಬಟನ್ ಹತ್ರ ಬೆರಳು ಹೋಗ್ಬಾರ್ದು. ನಾನು ಈ ಗೇಮನ್ನ ಅದು ಬಂದ ವರ್ಷದಿಂದ, ಅಂದ್ರೆ 2014ರಿಂದ ಆಡ್ತಾ ಇದೀನಿ, ಅಷ್ಟು ವರ್ಷದಲ್ಲಿ ಮೊದಲನೇ ವಾರ ಡಸ್ಟ್ ಸುರಿದು ಒಳ್ಳೇದಾಗಿದ್ದು ನೋಡಿದ್ದು ಬಹಳ ಕಮ್ಮಿ.

ಈಗ ಲೆಕ್ಕ. ಒಂದು ಪ್ಯಾಕ್‌ಗೆ 100 ಗೋಲ್ಡ್, ಒಳಗೆ 5 ಕಾರ್ಡ್, ಅದರಲ್ಲಿ ಒಂದಾದ್ರೂ ರೇರ್ ಅಥವಾ ಅದಕ್ಕಿಂತ ಮೇಲಿಂದು ಇದ್ದೇ ಇರುತ್ತೆ (ಕಾಮನ್, ರೇರ್, ಎಪಿಕ್, ಲೆಜೆಂಡರಿ, ಹೀಗೆ ಕಾರ್ಡು ಅಪರೂಪ ಆಗ್ತಾ ಹೋಗುತ್ತೆ). ಹೊಸ ಸೆಟ್‌ನ ಮೊದಲ 10 ಪ್ಯಾಕ್ ಒಳಗೆ ಒಂದು ಲೆಜೆಂಡರಿ ಗ್ಯಾರಂಟಿ, ಆಮೇಲೆ 40 ಪ್ಯಾಕ್ ಒಳಗೆ ಇನ್ನೊಂದು ಬರ್ಲೇಬೇಕು, ಸರಾಸರಿ ನೋಡಿದ್ರೆ ಸುಮಾರು 20 ಪ್ಯಾಕ್‌ಗೆ ಒಂದು ಬೀಳುತ್ತೆ. ನಿಮ್ಮ 4800 ಗೋಲ್ಡ್ ಅಂದ್ರೆ 48 ಪ್ಯಾಕ್, 240 ಕಾರ್ಡ್. ಲೆಜೆಂಡರಿ ಎರಡೋ ಮೂರೋ ಬರುತ್ತೆ ಅಂದ್ಕೊಳ್ಳಿ. ಅದಕ್ಕಿಂತ ಮುಖ್ಯವಾದ್ದು ಬೇರೆ ಇದೆ. 2020ರಿಂದ ಎಲ್ಲಾ ರೇರಿಟಿಗೂ ಡೂಪ್ಲಿಕೇಟ್ ಪ್ರೊಟೆಕ್ಷನ್ ಇದೆ, ಅಂದ್ರೆ ಆ ಸೆಟ್‌ನ ಕಾಮನ್ ಎಲ್ಲಾ ಎರಡೆರಡು ಸಿಗೋವರೆಗೂ ಮೂರನೇ ಕಾಪಿ ಬರಲ್ಲ, ರೇರ್‌ಗೂ ಎಪಿಕ್‌ಗೂ ಅದೇ ರೂಲು, ಲೆಜೆಂಡರಿ ಆದ್ರೆ ಎಲ್ಲಾ ಒಂದೊಂದು ಸಿಗೋವರೆಗೂ ರಿಪೀಟ್ ಇಲ್ಲ. ಹಳೇ ಅನ್‌ಗೋರೋ ಸೆಟ್‌ನ ಉದಾಹರಣೆಗೆ ತಗೊಳ್ಳಿ, ಏಪ್ರಿಲ್ 2017ರಲ್ಲಿ ಬಂದಿದ್ದು, ಒಟ್ಟು 135 ಕಾರ್ಡ್, ಅದರಲ್ಲಿ ಕಾಮನ್ 49, ರೇರ್ 36, ಎಪಿಕ್ 27, ಲೆಜೆಂಡರಿ 23. ಅಂಥಾ ಸೆಟ್‌ನ 48 ಪ್ಯಾಕ್ ಇವತ್ತಿನ ರೂಲ್‌ನಲ್ಲಿ ಒಡೆದ್ರೆ ಕಾಮನ್ ಪೂರ್ತಿ ಆಗಿಬಿಡುತ್ತೆ, ರೇರ್ ಮುಕ್ಕಾಲು ಪಾಲು ಬರುತ್ತೆ, ಎಪಿಕ್ ಒಂದು ಹತ್ತು ಬರ್ಬಹುದು. ಹಾಗಿರುವಾಗ ಪ್ಯಾಕ್ ಒಡೆಯೋಕೆ ಮುಂಚೆ ಡಸ್ಟಲ್ಲಿ ಏನಾದ್ರೂ ಮಾಡ್ಕೊಂಡ್ರೆ ಫ್ರೀಯಾಗಿ ಬರೋದಕ್ಕೆ ದುಡ್ಡು ಕೊಟ್ಟ ಹಾಗೆ.

ಆದ್ರೆ ಇದನ್ನೂ ನೋಡಿ: 23 ಲೆಜೆಂಡರಿ ಇರೋ ಸೆಟ್‌ನಲ್ಲಿ ನಿಮಗೆ ಮೂರು ಬಿದ್ರೆ, ನಿಮಗೆ ಬೇಕಾದ ಆ ಒಂದು ಕಾರ್ಡ್ ಅದರಲ್ಲಿ ಇರೋ ಚಾನ್ಸ್ ನೂರಕ್ಕೆ 13. ಅಷ್ಟೇ. ಅಂದ್ರೆ ಒಂದು ನಿರ್ದಿಷ್ಟ ಲೆಜೆಂಡರಿ ಬೇಕೇ ಬೇಕು ಅಂದ್ರೆ ಅದು ಪ್ಯಾಕಿಂದ ಬರಲ್ಲ, ಡಸ್ಟಿಂದಲೇ ಬರಬೇಕು. ಅದಕ್ಕೇ ಡಸ್ಟ್ ಅಷ್ಟು ದೊಡ್ಡ ವಸ್ತು. ನಿಮ್ಮ 3200 ಡಸ್ಟ್ ಅಂದ್ರೆ ಬರೀ ಎರಡು ಲೆಜೆಂಡರಿ, ಅಥವಾ ಎಂಟು ಎಪಿಕ್. ಲೆಜೆಂಡರಿ ಮಾಡೋಕೆ 1600 ಹೋಗುತ್ತೆ, ಮನಸ್ಸು ಬದಲಾಗಿ ಆ ಕಾರ್ಡನ್ನ ಒಡೆದು ಡಸ್ಟ್ ಮಾಡಿದ್ರೆ ವಾಪಸ್ ಬರೋದು 400. ಎಪಿಕ್ 400ಕ್ಕೆ ಮಾಡಿ ಒಡೆದ್ರೆ 100. ಕಾಮನ್ ಅಂತೂ 40ಕ್ಕೆ ಮಾಡಿ 5ಕ್ಕೆ ಒಡೆಯೋದು. ಒಂದು ಸಲ ತಪ್ಪು ಕ್ರಾಫ್ಟ್ ಮಾಡಿದ್ರೆ 1200 ಡಸ್ಟ್ ನೀರಲ್ಲಿ ಹೋಯ್ತು, ದುಡ್ಡು ಹಾಕದೇ ಆಡೋ ಹುಡುಗನಿಗೆ ಅದು ವಾರಗಟ್ಟಲೆ ಆಟದ ಸಂಪಾದನೆ.

ಈಗ ಕ್ವೆಸ್ಟ್ ಹುಚ್ಚಿನ ನಿಮ್ಮ ಗೆಳೆಯನ ವಿಷಯ. ಅವರಿಗೆ ಈ ಕಥೆ ಹೇಳಿ. 2017ರಲ್ಲಿ ಮೊದಲ ಸಲ ಕ್ವೆಸ್ಟ್ ಬಂದಾಗ ಒಂಬತ್ತು ಕ್ಲಾಸಿಗೆ (ಹಂಟರ್, ರೋಗ್ ಥರದ ಪಾತ್ರಗಳು) ಒಂಬತ್ತು ಬಂದ್ವು. ರಿವೀಲ್ ಟೈಮಲ್ಲಿ ಎಲ್ಲಾರ ಬಾಯಲ್ಲೂ ಹಂಟರ್‌ನ ಮಾರ್ಷ್ ಕ್ವೀನ್. ಒಂದು ಮಾನಾದ (ಮಾನಾ ಅಂದ್ರೆ ಕಾರ್ಡ್ ಆಡೋಕೆ ಕೊಡೋ ಬೆಲೆ) ಏಳು ಮಿನಿಯನ್, ಅಂದ್ರೆ ಬೋರ್ಡ್ ಮೇಲೆ ಹೋರಾಡೋ ಜೀವಿಗಳು, ಆಡಬೇಕು, ಆಡಿದ್ರೆ ಕ್ವೀನ್ ಕಾರ್ನಾಸಾ ಸಿಗ್ತಾಳೆ, 5 ಮಾನಾಗೆ 8/8 (ಹೊಡೆತ 8, ಜೀವ 8), ಬಂದ ತಕ್ಷಣ ಡೆಕ್‌ಗೆ 15 ರ‍್ಯಾಪ್ಟರ್ ಸೇರಿಸ್ತಾಳೆ, ಪ್ರತಿ ರ‍್ಯಾಪ್ಟರ್ 1 ಮಾನಾಗೆ 3/2, ಜೊತೆಗೆ ಒಂದು ಕಾರ್ಡ್ ಎಳೆದುಕೊಡುತ್ತೆ. ಓದಿದ್ರೇ ಬಾಯಲ್ಲಿ ನೀರು ಬರುತ್ತೆ. ನಾನೂ ನನ್ನ ಫ್ರೆಂಡ್ಸೂ ಆವಾಗ ಒಂದು ಪಿಜಿ ರೂಮಲ್ಲಿ ಕೂತು ಇದನ್ನ ಯಾರು ತಡೀತಾರೆ ಅಂತ ಮಾತಾಡಿದ್ವಿ, ಮೊದಲನೇ ದಿನವೇ 1600 ಕೊಟ್ಟು ಮಾಡಿದೆ. ಅದೇ ಸಮಯದಲ್ಲಿ ರೋಗ್‌ನ ಕೇವರ್ನ್ಸ್ ಬಿಲೋ, ಅಂದ್ರೆ ಒಂದೇ ಹೆಸರಿನ ನಾಲ್ಕು ಮಿನಿಯನ್ ಆಡಬೇಕು ಅನ್ನೋದು, ಅದನ್ನ ಬಹಳ ಜನ ಇದೇನು ತಮಾಷೆ ಕಾರ್ಡು ಅಂತ ಪಕ್ಕಕ್ಕೆ ಸರಿಸಿದ್ರು.

ಆಮೇಲೆ ಆಗಿದ್ದೇನು? ಹಂಟರ್ ಕ್ವೆಸ್ಟ್ ಲ್ಯಾಡರಲ್ಲಿ ನಿಲ್ಲಲಿಲ್ಲ. ರೋಗ್ ಕ್ವೆಸ್ಟ್ ಎಷ್ಟು ಜೋರಾಯ್ತು ಅಂದ್ರೆ ಜುಲೈ 2017ರಲ್ಲಿ ನಾಲ್ಕು ಮಿನಿಯನ್ ಇದ್ದಿದ್ದನ್ನ ಐದು ಮಾಡಿದ್ರು, ಅದೂ ಸಾಲದೇ ಮೇ 2018ರಲ್ಲಿ ಅದರ ರಿವಾರ್ಡಲ್ಲಿ ಮಿನಿಯನ್‌ಗಳು 5/5 ಆಗ್ತಿದ್ದನ್ನ 4/4ಕ್ಕೆ ಇಳಿಸಿದ್ರು.

ಯಾಕೆ ಹಾಗಾಯ್ತು ಅನ್ನೋದೇ ನಿಮಗೆ ಉಪಯೋಗ, ಯಾಕಂದ್ರೆ ಈಗ ಬರ್ತಿರೋ ಕ್ವೆಸ್ಟ್‌ಗಳಿಗೂ ಅದೇ ಅಳತೆಗೋಲು. ಕ್ವೆಸ್ಟ್ ಯಾವಾಗ್ಲೂ ಶುರುವಿನ ಕೈಯಲ್ಲೇ ಬರುತ್ತೆ. ಮೊದಲು ಆಡೋರಿಗೆ ಕೈಯಲ್ಲಿ ಮೂರೇ ಕಾರ್ಡು, ಅದರಲ್ಲಿ ಒಂದು ಕ್ವೆಸ್ಟ್, ಅಂದ್ರೆ ನಿಜವಾಗಿ ಆಟ ಆಡೋಕೆ ಇರೋದು ಎರಡು. ಮೊದಲನೇ ಟರ್ನಿನ ಮಾನಾನೂ ಅದಕ್ಕೇ ಹೋಯ್ತು, ಬೋರ್ಡ್ ಮೇಲೆ ಏನೂ ಬರಲಿಲ್ಲ. ಈ ಸಾಲವನ್ನ ಹೊತ್ತುಕೊಂಡೇ ಪ್ರತಿ ಕ್ವೆಸ್ಟ್ ಡೆಕ್ ಆಟ ಶುರು ಮಾಡುತ್ತೆ. ಹಂಟರ್ ಡೆಕ್ ಬದುಕೋದೇ ಮೊದಲ ಟರ್ನುಗಳ ಹೊಡೆತದಲ್ಲಿ, ಅದಕ್ಕೆ ಈ ಸಾಲ ತಡ್ಕೊಳ್ಳೋಕೆ ಆಗಲ್ಲ. ಏಳು ಸಣ್ಣ ಸಣ್ಣ ಮಿನಿಯನ್ ಆಡೋಷ್ಟರಲ್ಲಿ ಕೈ ಖಾಲಿ, ಎದುರಿನವರು ಆಗಲೇ ಬೋರ್ಡ್ ಸಾಫ್ ಮಾಡಿರ್ತಾರೆ, ಆಮೇಲೆ ಕ್ವೀನ್ ಇಳಿಸೋಕೆ ಇನ್ನೊಂದು ಇಡೀ ಟರ್ನ್, ರ‍್ಯಾಪ್ಟರ್‌ಗಳು ಕೈಗೆ ಬರೋದು ಅದರ ಮುಂದಿನ ಟರ್ನಿಂದ. ಅಷ್ಟೊತ್ತಿಗೆ ಕಥೆ ಮುಗಿದಿರುತ್ತೆ. ರೋಗ್ ಕಥೆ ಬೇರೆ, ಅವರ ಹತ್ರ ಮಿನಿಯನ್ನನ್ನ ವಾಪಸ್ ಕೈಗೆ ತಗೊಳ್ಳೋ ಕಾರ್ಡುಗಳು ಮೊದಲೇ ಇದ್ವು, ಒಂದೇ ಮಿನಿಯನ್ನನ್ನ ಇಳಿಸೋದು, ಎತ್ತೋದು, ಮತ್ತೆ ಇಳಿಸೋದು, ಹೀಗೆ ಕ್ವೆಸ್ಟ್ ಬೇಗ ಮುಗೀತಿತ್ತು, ಮುಗಿದ ಮೇಲೆ ಆಟದ ಕೊನೇವರೆಗೂ ಪ್ರತಿ ಮಿನಿಯನ್ನೂ 5/5. ರಿವಾರ್ಡ್ ಸಿಕ್ಕಿದ ಕ್ಷಣದಿಂದ ಇಡೀ ಡೆಕ್ಕೇ ಬದಲಾಗ್ತಿತ್ತು.

ಹಾಗಾಗಿ ಯಾವುದೇ ಕ್ವೆಸ್ಟ್ ನೋಡಿದಾಗ ರಿವಾರ್ಡನ್ನ ಕೈಯಿಂದ ಮುಚ್ಚಿಕೊಳ್ಳಿ, ಮೇಲಿನ ಕಂಡೀಷನ್ ಮಾತ್ರ ಓದಿ. ಆ ಕಂಡೀಷನ್‌ಗೋಸ್ಕರ ಆಡೋ ಕಾರ್ಡುಗಳು ಕ್ವೆಸ್ಟ್ ಇಲ್ಲದಿದ್ರೂ ನೀವು ಡೆಕ್ಕಲ್ಲಿ ಇಟ್ಕೊಳ್ತಿದ್ದಂಥವಾ? 2017ರ ವಾರಿಯರ್ ಕ್ವೆಸ್ಟಲ್ಲಿ ಏಳು ಟಾಂಟ್ ಮಿನಿಯನ್ ಆಡಬೇಕಿತ್ತು, ಟಾಂಟ್ ಮಿನಿಯನ್ ಹೇಗಿದ್ರೂ ನಿಮ್ಮನ್ನ ಉಳಿಸೋ ಕಾರ್ಡು, ಅದಕ್ಕೇ ಆ ಡೆಕ್ ಚೆನ್ನಾಗಿ ನಡೀತು. ವಾರ್ಲಾಕ್ ಕ್ವೆಸ್ಟಲ್ಲಿ ಆರು ಕಾರ್ಡ್ ಡಿಸ್ಕಾರ್ಡ್ ಮಾಡಬೇಕಿತ್ತು, ಅಂದ್ರೆ ಗೆಲ್ಲೋಕೆ ನಿಮ್ಮ ಕೈಯನ್ನ ನೀವೇ ಖಾಲಿ ಮಾಡ್ಕೋಬೇಕು, ಅದು ಸೋತಿತು. ಈ ಒಂದು ಪ್ರಶ್ನೆ ಕೇಳಿದ್ರೆ ನಿಮ್ಮ ಹಾಸ್ಟೆಲ್ ಜಗಳದಲ್ಲಿ ಅರ್ಧ ಅಲ್ಲೇ ನಿಲ್ಲುತ್ತೆ.

ಕಿಂಡ್ರೆಡ್ ಬಗ್ಗೆ ಕೇಳಿದ್ರಿ, ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಕಿಂಡ್ರೆಡ್ ಅಂದ್ರೆ ಹಿಂದಿನ ಟರ್ನಲ್ಲಿ ಅದೇ ಜಾತಿಯ ಮಿನಿಯನ್ನೋ ಅದೇ ಸ್ಕೂಲಿನ ಸ್ಪೆಲ್ಲೋ ಆಡಿದ್ರೆ ಈ ಟರ್ನಲ್ಲಿ ಎಕ್ಸ್‌ಟ್ರಾ ಲಾಭ. ಹೆಸರು ಹೊಸದು, ಐಡಿಯಾ ಹೊಸದಲ್ಲ. 2017ರ ಅನ್‌ಗೋರೋದಲ್ಲೇ ಎಲಿಮೆಂಟಲ್ ಕಾರ್ಡುಗಳಿಗೆ ಹಿಂದಿನ ಟರ್ನಲ್ಲಿ ಎಲಿಮೆಂಟಲ್ ಆಡಿದ್ರೆ ಅನ್ನೋ ಕಂಡೀಷನ್ ಇತ್ತು. ಬ್ಲೇಜ್‌ಕಾಲರ್ ಅಂತ ಒಂದಿತ್ತು, 7 ಮಾನಾಗೆ 6/6, ಕಂಡೀಷನ್ ಕೂಡಿದ್ರೆ 5 ಡ್ಯಾಮೇಜ್ ಹೊಡೀತಿತ್ತು. ಎಲ್ಲರೂ ಅಂಥಾ ದೊಡ್ಡ ಕಾರ್ಡುಗಳನ್ನ ನೋಡಿ ಮಾತಾಡ್ತಿದ್ರು. ಆದ್ರೆ ಆ ಸೆಟ್ಟಲ್ಲಿ ಹೆಚ್ಚು ಡೆಕ್ಕುಗಳಲ್ಲಿ ಓಡಾಡಿದ್ದು ಫೈರ್ ಫ್ಲೈ ಅನ್ನೋ ಒಂದು ಕಾಮನ್ ಕಾರ್ಡು. 1 ಮಾನಾಗೆ 1/2, ಇಳಿಸಿದ್ರೆ ಕೈಗೆ ಇನ್ನೊಂದು 1/2 ಎಲಿಮೆಂಟಲ್ ಕೊಡುತ್ತೆ. ನೋಡೋಕೆ ಏನೂ ಇಲ್ಲ. ಆದ್ರೆ ಯಾವ ಟರ್ನಲ್ಲಿ ಒಂದು ಮಾನಾ ಉಳಿದ್ರೂ ಅದನ್ನ ಹಾಕಿ ಮುಂದಿನ ಟರ್ನಿಗೆ ಕಂಡೀಷನ್ ರೆಡಿ ಮಾಡ್ಕೋಬಹುದಿತ್ತು. ಮನೆ ಕಟ್ಟುವಾಗ ಎಲ್ಲರೂ ಬಾಗಿಲು ನೋಡ್ತಾರೆ, ತಳಪಾಯದ ಕಲ್ಲು ಯಾರೂ ನೋಡಲ್ಲ ಅಲ್ವಾ, ಹಾಗೆ.

ಕಿಂಡ್ರೆಡ್ ಕಾರ್ಡ್ ಚೆನ್ನಾಗಿದ್ಯಾ ಅಂತ ನೋಡೋಕೆ ಆ ಕಾರ್ಡನ್ನೇ ದಿಟ್ಟಿಸಬೇಡಿ, ಅದೇ ಜಾತಿಯ ಒಂದು ಎರಡು ಮೂರು ಮಾನಾದ ಕಾರ್ಡುಗಳು ಎಷ್ಟಿವೆ ಅಂತ ಎಣಿಸಿ, ಈಗ ಸ್ಟ್ಯಾಂಡರ್ಡಲ್ಲಿ (ಇತ್ತೀಚಿನ ಸೆಟ್ಟುಗಳು ಮಾತ್ರ ನಡೆಯೋ ಆಟ) ಇರೋ ಹಳೇ ಸೆಟ್ಟುಗಳದ್ದೂ ಸೇರಿಸಿ. 30 ಕಾರ್ಡಿನ ಡೆಕ್ಕಲ್ಲಿ ಆ ಜಾತಿಯವು 10 ಇದ್ರೆ, ಮೊದಲು ಆಡೋ ನೀವು ಮೂರನೇ ಟರ್ನಿಗೆ ನೋಡಿರೋದು 6 ಕಾರ್ಡು, ಅದರಲ್ಲಿ ಸರಾಸರಿ 2 ಮಾತ್ರ ಆ ಜಾತಿಯವು. ಅದರಲ್ಲಿ ಒಂದು ಕಿಂಡ್ರೆಡ್ ಕಾರ್ಡೇ ಆಗಿದ್ರೆ ಹಿಂದಿನ ಟರ್ನಿಗೆ ಆಡೋಕೆ ಉಳಿಯೋದು ಒಂದೇ, ಅದರ ಮಾನಾನೂ ಸರಿಹೊಂದಬೇಕು. 16 ಇದ್ರೆ ಸರಾಸರಿ 3ರ ಮೇಲೆ ಹೋಗುತ್ತೆ, ಆವಾಗ ಸರಪಳಿ ಕಡಿಯಲ್ಲ. ಇನ್ನೂ ಒಂದು ನೋಡಬೇಕು, ಸರಪಳಿ ಕಡಿದು ಹೋದ ದಿನ, ಅಂದ್ರೆ ಲಾಭ ಸಿಗದೇ ಆ ಕಾರ್ಡನ್ನ ಬರಿಗೈಲಿ ಆಡಬೇಕಾದಾಗ ಅದು ಎಷ್ಟು ಕೆಟ್ಟದಾಗಿದೆ? ಬರಿಗೈಲೂ ಮರ್ಯಾದೆಗೆ ಮೋಸ ಇಲ್ಲದ ಕಾರ್ಡಾದ್ರೆ ಆಡಿ. ಬರಿಗೈಲಿ ಆಡಿದ್ರೆ ಆಟವೇ ಸೋತ ಹಾಗೆ ಅನ್ನೋದಾದ್ರೆ ದೂರ ಇಡಿ. ಕಾರ್ಡನ್ನ ಅದರ ಒಳ್ಳೇ ದಿನದಲ್ಲಿ ಅಳೆಯೋದು ರಿವೀಲ್ ವಿಡಿಯೋದವರ ಕೆಲಸ, ನಿಮ್ಮ ಕೆಲಸ ಅದನ್ನ ಕೆಟ್ಟ ದಿನದಲ್ಲಿ ಅಳೆಯೋದು.

ಇನ್ನು ಯಾಕೆ ಹತ್ತು ಹದಿನೈದು ದಿನ ಕಾಯಿರಿ ಅಂದೆ ಅಂದ್ರೆ, ಒಂದು ಕಾರಣ ಮೆಟಾ, ಅಂದ್ರೆ ಯಾವ ಡೆಕ್ಕುಗಳು ಗೆಲ್ತವೆ ಅನ್ನೋದು, ಕೂರೋಕೆ ಟೈಮ್ ಬೇಕು, ಇನ್ನೊಂದು ಕಾರಣ ನರ್ಫ್, ಅಂದ್ರೆ ಜೋರಾದ ಕಾರ್ಡನ್ನ ಗೇಮಿನವರೇ ದುರ್ಬಲ ಮಾಡೋದು. ಏಪ್ರಿಲ್ 2020ರಲ್ಲಿ ಆಶಸ್ ಆಫ್ ಔಟ್‌ಲ್ಯಾಂಡ್ ಜೊತೆ ಡೀಮನ್ ಹಂಟರ್ ಅನ್ನೋ ಹೊಸ ಕ್ಲಾಸ್ ಬಂತು, ಬಂದ ಒಂದೆರಡು ದಿನದೊಳಗೇ ಅದರ ನಾಲ್ಕು ಕಾರ್ಡ್ ನರ್ಫ್ ಮಾಡಿದ್ರು, ಸ್ಕಲ್ ಆಫ್ ಗುಲ್ದಾನ್ 5 ಮಾನಾ ಇದ್ದಿದ್ದು 6 ಆಯ್ತು. ಅದಕ್ಕೂ ಮುಂಚೆ ಡಿಸೆಂಬರ್ 2019ರಲ್ಲಿ ಡಿಸೆಂಟ್ ಆಫ್ ಡ್ರ್ಯಾಗನ್ಸ್ ಬಂದಾಗ ಗ್ಯಾಲಕ್ರಾಂಡ್ ಶಮನ್ ಎಲ್ಲರನ್ನೂ ತಿಂದುಹಾಕ್ತಿತ್ತು, ಹತ್ತು ದಿನ ತುಂಬೋಕೆ ಮುಂಚೆ ಅದಕ್ಕೂ ಕತ್ತರಿ ಬಿತ್ತು. ನರ್ಫ್ ಆದ ಕಾರ್ಡನ್ನ ಒಡೆದ್ರೆ ಕೆಲವು ದಿನ ಪೂರ್ತಿ ಡಸ್ಟ್ ವಾಪಸ್ ಕೊಡ್ತಾರಲ್ಲ, ಹಾಗಾದ್ರೆ ನಷ್ಟ ಏನು ಅಂತ ನಿಮ್ಮ ಗೆಳೆಯ ಕೇಳಬಹುದು. ನಷ್ಟ ಇಲ್ಲಿದೆ: ವಾಪಸ್ ಬರೋದು ನರ್ಫ್ ಆದ ಆ ಒಂದು ಕಾರ್ಡಿಂದು ಮಾತ್ರ. ಆ ಡೆಕ್ ಕಟ್ಟೋಕೆ ಅಂತಲೇ ನೀವು ಮಾಡಿದ ಬೇರೆ ಎರಡು ಎಪಿಕ್, ಇನ್ನೊಂದು ಲೆಜೆಂಡರಿ ಅವೆಲ್ಲಾ ಹಾಗೇ ಉಳಿಯುತ್ತೆ, ಆಡೋ ಡೆಕ್ ಇಲ್ಲ, ಒಡೆದ್ರೆ ಕಾಲು ಭಾಗ.

ಮೊದಲ ವಾರ ಆಡೋದೇ ಬೇಡ ಅಂತ ಹೇಳ್ತಿಲ್ಲ, ದಯವಿಟ್ಟು ಆಡಿ, ಇಡೀ ನಾಲ್ಕು ತಿಂಗಳಲ್ಲಿ ಆ ವಾರದಷ್ಟು ಖುಷಿ ಮತ್ತೆ ಸಿಗಲ್ಲ, ಯಾರಿಗೂ ಏನೂ ಗೊತ್ತಿರಲ್ಲ, ಎದುರಿಗೆ ಬರೋರು ವಿಚಿತ್ರ ವಿಚಿತ್ರ ಡೆಕ್ ತರ್ತಾರೆ, ಪ್ರತಿ ಆಟವೂ ಹೊಸದು. ಹೇಗೆ ಆಡೋದು ಅಂದ್ರೆ, ನಿಮ್ಮ ಹತ್ರ ಈಗಾಗ್ಲೇ ಇರೋ ಒಂದು ಅಗ್ರೋ (ಬೇಗ ಹೊಡೆದು ಮುಗಿಸೋ) ಡೆಕ್ ತಗೊಳ್ಳಿ, ಪ್ಯಾಕಲ್ಲಿ ಬಂದ ಹೊಸ ಕಾಮನ್ ರೇರಲ್ಲಿ ಎರಡು ಮೂರು ಹೊಂದೋದನ್ನ ತೂರಿಸಿ. ಆ ವಾರ ಜನ ನಿಧಾನದ ಡೆಕ್ಕುಗಳನ್ನ, ಕ್ವೆಸ್ಟುಗಳನ್ನ ಪ್ರಯೋಗ ಮಾಡ್ತಿರ್ತಾರೆ, ಅವರ ಲಿಸ್ಟು ಇನ್ನೂ ಸರಿಯಾಗಿ ಕೂತಿರಲ್ಲ, ಬೇಗ ಹೊಡೆಯೋ ಡೆಕ್ ಅವರನ್ನ ಸುಲಭವಾಗಿ ಮುಗಿಸುತ್ತೆ. ಪ್ರೀ-ಆರ್ಡರ್ ಮಾಡದೇ ಇದ್ರೆ ಒದೆ ತಿನ್ನೋದೇ ಅನ್ನೋದು ಸುಳ್ಳು. ಅಗ್ರೋ ಡೆಕ್ಕುಗಳು ಹೆಚ್ಚಾಗಿ ಕಾಮನ್ ರೇರ್ ಮೇಲೇ ನಿಂತಿರುತ್ತೆ, ಅಂಥಾ ಡೆಕ್ಕಲ್ಲಿ ಲೆಜೆಂಡ್ ರ‍್ಯಾಂಕ್ ಮುಟ್ಟಿದವರು ಎಷ್ಟೋ ಜನ ಇದಾರೆ.

ಎಚ್‌ಎಸ್‌ರೀಪ್ಲೇ ಥರದ ಸೈಟಲ್ಲಿ ವಿನ್‌ರೇಟ್ ನೋಡ್ತೀರ ಅನ್ಸುತ್ತೆ, ಎಲ್ಲರೂ ನೋಡ್ತಾರೆ, ಆದ್ರೆ ಓದೋದು ಹೇಗೆ ಅಂತ ಯಾರೂ ಹೇಳಿಕೊಡಲ್ಲ. ಅಲ್ಲಿ ಒಂದು ಕಾರ್ಡಿಗೆ ಮೂರು ನಂಬರ್ ಇರುತ್ತೆ, ಮಲಿಗನಲ್ಲಿ (ಶುರುವಿನ ಕಾರ್ಡು ಬದಲಾಯಿಸೋ ಹೊತ್ತಲ್ಲಿ) ಕೈಗೆ ಬಂದಾಗಿನ ವಿನ್‌ರೇಟ್, ಆಟದಲ್ಲಿ ಯಾವಾಗಾದ್ರೂ ಎಳೆದಾಗಿನ ವಿನ್‌ರೇಟ್, ಆಡಿದಾಗಿನ ವಿನ್‌ರೇಟ್. ಹುಡುಗರು ಮೂರನೇದನ್ನ ನೋಡಿ ಮೋಸ ಹೋಗ್ತಾರೆ. 9 ಮಾನಾದ ಒಂದು ಕಾರ್ಡು ಆಡಿದಾಗ ನೂರಕ್ಕೆ 65 ಗೆಲುವು ಅಂತ ತೋರಿಸಿದ್ರೆ, ಅದು ಆ ಕಾರ್ಡಿನ ಶಕ್ತಿ ಅಲ್ಲದೇ ಇರಬಹುದು, ಒಂಬತ್ತನೇ ಟರ್ನಿನವರೆಗೆ ಬದುಕಿ ಅದನ್ನ ಆಡೋಷ್ಟು ಪುರುಸೊತ್ತು ಇತ್ತು ಅಂದ್ರೆ ನೀವು ಆಗಲೇ ಗೆಲ್ಲೋ ದಾರಿಯಲ್ಲಿದ್ರಿ ಅಂತ ಅರ್ಥ. ಸೋತ ಆಟಗಳಲ್ಲಿ ಅದು ಕೈಯಲ್ಲೇ ಕೊಳೆತಿರುತ್ತೆ, ಆ ಸೋಲು ಆ ಲೆಕ್ಕದಲ್ಲಿ ಬರಲ್ಲ. ಎಳೆದಾಗಿನ ವಿನ್‌ರೇಟ್ ನೋಡಿ, ಅದರಲ್ಲಿ ಆಡಿದ್ದೂ ಆಡದೇ ಉಳಿದದ್ದೂ ಎರಡೂ ಸೇರಿರುತ್ತೆ. ಅದನ್ನೂ ಅದೇ ಡೆಕ್ಕಿನ ಬೇರೆ ಕಾರ್ಡುಗಳ ಜೊತೆ ಹೋಲಿಸಿ, ಬೇರೆ ಡೆಕ್ಕಿನ ಜೊತೆ ಅಲ್ಲ. ಮೊದಲ ಮೂರು ದಿನದ ನಂಬರ್ ನಂಬಬೇಡಿ, ಅದು ಪ್ರಯೋಗ ಮಾಡೋರ ಎದುರು ಗೆದ್ದ ನಂಬರು.

ಡಸ್ಟ್ ಖರ್ಚು ಮಾಡೋ ದಿನ ಬಂದಾಗ ಇನ್ನೊಂದು ಲೆಕ್ಕ ಮರೀಬೇಡಿ. ಈಗಿರೋ ನಿಯಮದಲ್ಲಿ ಸ್ಟ್ಯಾಂಡರ್ಡಲ್ಲಿ ಈ ವರ್ಷದ್ದೂ ಹಿಂದಿನ ವರ್ಷದ್ದೂ ಸೆಟ್ಟುಗಳು ಇರುತ್ತೆ, ವರ್ಷದ ಮೊದಲನೇ ಎಕ್ಸ್‌ಪ್ಯಾನ್ಷನ್ ಬಂದಾಗ ಹಳೇದು ಹೊರಗೆ ಹೋಗುತ್ತೆ. ಹಾಗಾಗಿ ಈ ಜುಲೈನಲ್ಲಿ ಬರೋ ಲಾಸ್ಟ್ ಸಿಟಿ ಕಾರ್ಡು 2027ರ ಬೇಸಿಗೆವರೆಗೂ ನಡೆಯುತ್ತೆ, ಆದ್ರೆ 2024ರ ವಿಜ್‌ಬ್ಯಾಂಗ್ಸ್ ವರ್ಕ್‌ಶಾಪಿಂದೋ ಪೆರಿಲ್ಸ್ ಇನ್ ಪ್ಯಾರಡೈಸಿಂದೋ ಒಂದು ಲೆಜೆಂಡರಿ ಇಲ್ಲ ಅಂತ ಈಗ 1600 ಕೊಟ್ರೆ ಅದರ ಆಯುಸ್ಸು ಬರೋ ವರ್ಷದ ಬೇಸಿಗೆವರೆಗೆ ಮಾತ್ರ. ಒಂದೇ ಬೆಲೆ, ಒಂದು ಅರ್ಧದಷ್ಟೂ ಬಾಳಲ್ಲ. ಎರಡು ಕ್ಲಾಸಲ್ಲಿ ಮೂರು ಡೆಕ್ಕಲ್ಲಿ ಓಡೋ ನ್ಯೂಟ್ರಲ್ ಕಾರ್ಡು ಸಿಕ್ಕಿದ್ರೆ ಅದಕ್ಕೆ ಮೊದಲ ಮಣೆ. ಎರಡು ವಾರ ಆದ್ಮೇಲೂ ಕ್ವೆಸ್ಟ್ ಡೆಕ್ ನಿಂತಿದೆ, ಅದನ್ನ ಆಡೋಕೆ ನಿಮಗೇ ಇಷ್ಟ ಇದೆ, ಉಳಿದ ಕಾರ್ಡು ಪ್ಯಾಕಲ್ಲೇ ಬಂದಿದೆ, ಆವಾಗ ಕ್ರಾಫ್ಟ್ ಮಾಡಿ, ನಾನೇ ಮಾಡಿ ಅಂತೀನಿ.

ಗೋಲ್ಡ್ ಅಷ್ಟೂ ಒಂದೇ ರಾತ್ರಿ ಒಡೀಬೇಕಾ? ಕಾಮನ್ ಪೂರ್ತಿ ಆದ್ಮೇಲೆ ಪ್ರತಿ ಪ್ಯಾಕಿನ ಬೆಲೆ ಇಳಿಯುತ್ತಾ ಹೋಗುತ್ತೆ, ಯಾಕಂದ್ರೆ ಐದರಲ್ಲಿ ಮೂರು ನಾಲ್ಕು ಕಾರ್ಡು ಬರೀ 5 ಡಸ್ಟಿನ ಕಾಮನ್ ಆಗಿ ಬರೋಕೆ ಶುರು ಆಗುತ್ತೆ. ನನ್ನ ಅಭ್ಯಾಸ, ಅಲ್ಲಿಗೆ ನಿಲ್ಲಿಸೋದು, ಉಳಿದಿದ್ದನ್ನ ಆಮೇಲೆ ಬರೋ ಸಣ್ಣ ಸೆಟ್, ಅಂದ್ರೆ ಮಿನಿ-ಸೆಟ್‌ಗೆ ಇಟ್ಟುಕೊಳ್ಳೋದು. ಜನವರಿ 2021ರಲ್ಲಿ ಮೊದಲನೇ ಮಿನಿ-ಸೆಟ್ ಡಾರ್ಕ್‌ಮೂನ್ ರೇಸಸ್ ಬಂದಾಗ 35 ಹೊಸ ಕಾರ್ಡನ್ನ, ಬೇಕಾದಷ್ಟು ಕಾಪಿ ಸಮೇತ, 2000 ಗೋಲ್ಡಿಗೆ ಒಟ್ಟಿಗೆ ಕೊಟ್ರು, ನಾಲ್ಕು ಲೆಜೆಂಡರಿ ಅದರಲ್ಲೇ ಇತ್ತು. 20 ಪ್ಯಾಕಿನ ಗೋಲ್ಡಲ್ಲಿ ಇಷ್ಟು ನಿಶ್ಚಿತವಾಗಿ ಬೇರೆಲ್ಲೂ ಸಿಗಲ್ಲ. ಆದ್ರಿಂದ ನೀವು ಮೊದಲು 30 ಪ್ಯಾಕ್ ಒಡೀರಿ, ಕಲೆಕ್ಷನಲ್ಲಿ ಕಾಮನ್ ಎಷ್ಟಾಯ್ತು ನೋಡಿ, ಆಮೇಲೆ ಮುಂದಿನದು.

ಈಗ ಆ ದುಡ್ಡು ಕೂಡಿಸೋ ವಿಷಯ. ಇದನ್ನ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ, ಬೇಡ. ಅಕೌಂಟ್ ಹಂಚಿಕೊಂಡು ಆಡೋದು ಈ ಗೇಮ್ ಮಾಡಿದ ಬ್ಲಿಜಾರ್ಡ್ ಕಂಪನಿಯ ಕರಾರಿಗೇ ವಿರುದ್ಧ, ಸಿಕ್ಕಿಬಿದ್ರೆ ಅಕೌಂಟ್ ಹೋಗುತ್ತೆ, ನಾಲ್ಕೂ ಜನರ ದುಡ್ಡೂ ಅದರ ಜೊತೆ ಹೋಗುತ್ತೆ. ಅದು ಬಿಡಿ, ಲೆಕ್ಕದಲ್ಲೂ ಅದು ನಷ್ಟವೇ: ಮೊದಲ 10 ಪ್ಯಾಕಿನ ಲೆಜೆಂಡರಿ ಗ್ಯಾರಂಟಿ ಅಕೌಂಟಿಗೆ ಒಂದು ಸಲ ಮಾತ್ರ, ನಾಲ್ಕು ಅಕೌಂಟಲ್ಲಿ ಗೋಲ್ಡಲ್ಲೇ ಹತ್ತತ್ತು ಪ್ಯಾಕ್ ಒಡೆದ್ರೆ ನಾಲ್ಕು ಲೆಜೆಂಡರಿ ಪಕ್ಕಾ. ದಿನದ ಕ್ವೆಸ್ಟು, ವಾರದ ಕ್ವೆಸ್ಟು (ಇವು ಕಾರ್ಡಲ್ಲ, ಗೇಮ್ ಕೊಡೋ ಟಾಸ್ಕು), ರಿವಾರ್ಡ್ಸ್ ಟ್ರ್ಯಾಕಿನ ಗೋಲ್ಡು ಇವೂ ಅಕೌಂಟಿಗೊಂದೊಂದೇ. ನಾಲ್ಕು ಜನ ಒಂದು ಫೋನಿಗೆ ಕಾಯ್ತಾ ಕೂತ್ರೆ ನಾಲ್ಕು ಪಾಲು ಗೋಲ್ಡಲ್ಲಿ ಮೂರು ಪಾಲು ಕೈ ಬಿಟ್ಟ ಹಾಗೆ. ಮೂರು ವರ್ಷ ಆದ್ಮೇಲೆ ಡಿಪ್ಲೊಮಾ ಮುಗಿಸಿ ಒಬ್ಬ ಪುಣೆಗೆ ಒಬ್ಬ ಬೆಂಗಳೂರಿಗೆ ಹೋದಾಗ ಆ ಅಕೌಂಟ್ ಯಾರದ್ದು? ಇದರಿಂದ ಮಾತು ಬಿಟ್ಟ ಗೆಳೆಯರನ್ನ ನಾನು ನೋಡಿದೀನಿ, ಬಹಳ ಒಳ್ಳೇ ಗೆಳೆಯರಾಗಿದ್ರು. ಮೆಸ್ ಬಿಲ್ಲು, ಫೀಸು, ಬಸ್ ಪಾಸು ಎಲ್ಲಾ ಕಳೆದು ಕೈಯಲ್ಲಿ ಉಳಿದ ದುಡ್ಡಲ್ಲಿ ನಿಮ್ಮ ನಿಮ್ಮ ಅಕೌಂಟಿಗೆ ಏನಾದ್ರೂ ತಗೊಂಡ್ರೆ ಅದು ನಿಮ್ಮ ಇಷ್ಟ. ಮನೆಯವರು ಫೀಸಿಗೆ ಅಂತ ಕಳಿಸಿದ ದುಡ್ಡು ಮುಟ್ಟಬೇಡಿ.

ಅಂದಹಾಗೆ ನಾಲ್ಕೂ ಜನ ಒಂದೇ ರೀಜನಲ್ಲಿ ಇದೀರಾ ಅಂತ ಇವತ್ತೇ ನೋಡ್ಕೊಳ್ಳಿ. ಅಮೆರಿಕಾಸ್, ಯುರೋಪ್, ಏಷ್ಯಾ ಮೂರೂ ಬೇರೆ ಬೇರೆ, ಒಂದರ ಕಾರ್ಡು ಗೋಲ್ಡು ಇನ್ನೊಂದಕ್ಕೆ ಬರಲ್ಲ. ಗೊತ್ತಿಲ್ಲದೇ ಬೇರೆ ರೀಜನಲ್ಲಿ ಲಾಗಿನ್ ಆಗಿ ಪ್ಯಾಕ್ ತಗೊಂಡ್ರೆ ಅದು ಅಲ್ಲೇ ಉಳಿಯುತ್ತೆ.

ಮೂರನೇ ಗೆಳೆಯನ ಪ್ರಶ್ನೆಗೆ ಉತ್ತರ ಒಂದೇ ಸಾಲು ಸಾಕು, ಆದ್ರೆ ನನಗೆ ಇದು ಹೇಳೋಕೆ ಬಹಳ ಖುಷಿ. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸಲ್ಲಿ ಇ-ಸ್ಪೋರ್ಟ್ಸನ್ನ ಪ್ರದರ್ಶನ ಸ್ಪರ್ಧೆಯಾಗಿ ಇಟ್ಟಿದ್ರು, ಪದಕಪಟ್ಟಿಗೆ ಸೇರಲ್ಲ ನಿಜ, ಆದ್ರೆ ಅಲ್ಲಿ ಹಾರ್ತ್‌ಸ್ಟೋನ್ ಆಡಿ ಭಾರತದ ತೀರ್ಥ್ ಮೆಹ್ತಾ ಕಂಚು ಗೆದ್ರು. ನಮ್ಮ ಹುಡುಗ ಆ ಸ್ಟೇಜ್ ಮೇಲೆ ನಿಂತಿದ್ದು ಇದೇ ಆಟದಲ್ಲಿ.

ಕೊನೇದಾಗಿ ನಿಮ್ಮ ದಿನಾ ರಾತ್ರಿ ಜಗಳ ನಿಲ್ಲಿಸಿ ಅಂತ ನಾನು ಹೇಳಲ್ಲ, ಅದನ್ನ ಚೆನ್ನಾಗಿ ಬಳಸ್ಕೊಳ್ಳಿ. ಎಲ್ಲಾ ಕಾರ್ಡ್ ರಿವೀಲ್ ಆದ ದಿನ ನಾಲ್ಕೂ ಜನ ಬೇರೆ ಬೇರೆ ಕೂತು ಒಂದು ನೋಟ್‌ಬುಕ್ ಹಾಳೆಯಲ್ಲಿ ಬರೀರಿ: ಯಾವ ಐದು ಕಾರ್ಡು ಎಲ್ಲಾ ಕಡೆ ಕಾಣುತ್ತೆ, ಯಾವ ಎರಡು ಕ್ವೆಸ್ಟ್ ನಿಲ್ಲುತ್ತೆ, ಯಾವ ಹೊಗಳಿದ ಕಾರ್ಡು ಬೀಳುತ್ತೆ, ಪ್ರತಿಯೊಂದಕ್ಕೂ ಯಾಕೆ ಅಂತ ಒಂದು ಸಾಲು. ಯಾಕೆ ಅನ್ನೋ ಆ ಸಾಲೇ ಮುಖ್ಯ, ಉತ್ತರ ತಪ್ಪಾದಾಗ ಎಲ್ಲಿ ತಪ್ಪಿತು ಅಂತ ಅದರಿಂದಲೇ ಗೊತ್ತಾಗೋದು. ಹಾಳೆ ಮಡಚಿ ಯಾರದ್ದಾದ್ರೂ ಟ್ರಂಕಲ್ಲಿ ಇಡಿ. ನಾನು ಪ್ರತಿ ಎಕ್ಸ್‌ಪ್ಯಾನ್ಷನಿಗೂ ಹೀಗೆ ಬರೀತೀನಿ, ಮಾರ್ಷ್ ಕ್ವೀನ್ ಆದ್ಮೇಲೆ ಶುರು ಮಾಡಿದ್ದು, ಕ್ವೆಸ್ಟಿನ ಕಂಡೀಷನ್ ಮೊದಲು ಓದೋ ಅಭ್ಯಾಸ ನನಗೆ ಬಂದಿದ್ದು ಆ ಹಾಳೆಗಳಿಂದಲೇ.

8ನೇ ತಾರೀಖು ಸಾಮಾನ್ಯವಾಗಿ ಆಗೋ ಹಾಗೆ ಆದ್ರೆ ನಮ್ಮ ಟೈಮಲ್ಲಿ ರಾತ್ರಿ ಹತ್ತೂವರೆ ಸುಮಾರಿಗೆ ಸೆಟ್ ಓಪನ್ ಆಗುತ್ತೆ. ಫೋನಿನ ಅಪ್‌ಡೇಟನ್ನ ಸಂಜೆನೇ ವೈಫೈನಲ್ಲಿ ಮಾಡ್ಕೊಂಡಿರಿ. ಲಾಗಿನ್ ಆದ ತಕ್ಷಣ ಫ್ರೀ ಕೊಟ್ಟಿರೋದು ಏನಿದ್ರೂ ಮೊದಲು ತಗೊಳ್ಳಿ, ಆಮೇಲೆ ಗೋಲ್ಡಿನ 30 ಪ್ಯಾಕು, ಆಮೇಲೆ ಹಳೇ ಅಗ್ರೋ ಡೆಕ್ಕಿಗೆ ಎರಡು ಹೊಸ ಕಾರ್ಡು ಹಾಕಿ ನಾಲ್ಕೈದು ಆಟ, ಆಮೇಲೆ ಮಲಗಿ, ಬೆಳಿಗ್ಗೆ ಕ್ಲಾಸಿದೆ. 25ನೇ ತಾರೀಖು ಆ ಹಾಳೆ ತೆಗೆದು ನಾಲ್ಕೂ ಜನ ಓದಿ, 3200 ಡಸ್ಟ್ ಯಾವುದಕ್ಕೆ ಹಾಕೋದು ಅಂತ ಅವತ್ತು ಕೂತು ತೀರ್ಮಾನ ಮಾಡಿ, ಗೊಂದಲ ಆದ್ರೆ ನಿಮ್ಮ ಹತ್ರ ಬಂದಿರೋ ಲೆಜೆಂಡರಿಗಳ ಹೆಸರು ಬರೆದು ಕಳಿಸಿ.